ಉಪಾಧ್ಯಾಯರು ಮೊದಲು ಓದಲಿ

ಹದಿಹರೆಯದ ಮಕ್ಕಳ ಕೈಗೆ ಎಂಥ ಪುಸ್ತಕ ಕೊಡಬೇಕು? ಈ ಪ್ರಶ್ನೆ ಎದ್ದಾಗ ಮಾತನಾಡುವವರು ಬಹಳ. ಪುಸ್ತಕವನ್ನು ಓದಿ ಮಾತನಾಡುವವರು ವಿರಳ. ಅಮೆರಿಕದ ಶಿಕ್ಷಕ ತರಬೇತಿಯಲ್ಲಿ ಕಿಶೋರ ಸಾಹಿತ್ಯವೂ ಒಂದು ವ್ಯಾಸಂಗ ವಿಷಯ. ಸಲಿಂಗಪ್ರೇಮಿಗಳ, ಲಿಂಗತ್ವ ಅಲ್ಪಸಂಖ್ಯಾತರ ಬಾಳನ್ನು ಚಿತ್ರಿಸುವ ಕಾದಂಬರಿಗಳಿಗೆ ಅಲ್ಲಿ ಸ್ಥಾನವೇಕೆ ಎಂಬುದಕ್ಕೆ ಒಂದು ಪುಸ್ತಕದ ಚರಿತ್ರೆಯೇ ಉತ್ತರ ಹೇಳುತ್ತದೆ.

ನ್ಯಾನ್ಸಿ ಗಾರ್ಡನ್ ಅವರ ‘ಆ್ಯನಿ ಆನ್ ಮೈ ಮೈಂಡ್’ ಪ್ರಕಟವಾದುದು 1982ರಲ್ಲಿ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯವೊಂದರಲ್ಲಿ ಸಂಧಿಸಿದ ಲೈಜಾ ಮತ್ತು ಆ್ಯನಿ ಎಂಬ ಹುಡುಗಿಯರ ಸ್ನೇಹ ಪ್ರೇಮವಾಗುತ್ತದೆ. ಸಂಗತಿ ಬಯಲಾಗಿ ಲೈಜಾಳ ಶಾಲೆಯಲ್ಲಿ ವಿಚಾರಣೆ ನಡೆಯುತ್ತದೆ. ಅವಳೇನೋ ಶಾಲೆಯಲ್ಲಿ ಉಳಿಯುತ್ತಾಳೆ. ಕೆಲಸ ಕಳೆದುಕೊಳ್ಳುವವರು ಒಂದೇ ಮನೆಯಲ್ಲಿ ಬಾಳುತ್ತಿದ್ದ ಇಬ್ಬರು ಉಪಾಧ್ಯಾಯಿನಿಯರು. ನಾಳೆ ಪಾಠ ಹೇಳಬೇಕಾದವರು ಈ ಕಥೆಯಲ್ಲಿ ಶಿಷ್ಯೆಯ ಸಂಕಟದೊಡನೆ ತಮ್ಮ ವೃತ್ತಿಯ ಭಯವನ್ನೂ ಕಾಣುತ್ತಾರೆ.

1993ರಲ್ಲಿ ಕ್ಯಾನ್ಸಾಸ್ ಸಿಟಿ ಪ್ರದೇಶದ ಶಾಲೆಗಳಿಗೆ ಈ ಪುಸ್ತಕವನ್ನು ದಾನವಾಗಿ ಕೊಟ್ಟಾಗ ಕೋಲಾಹಲವೆದ್ದಿತು. ವಿರೋಧಿಗಳು ಪುಸ್ತಕವನ್ನು ಬಹಿರಂಗವಾಗಿಯೇ ಸುಟ್ಟರು. ಒಲೇತಾ ಊರಿನ ಶಾಲಾಡಳಿತವು ದಾನವನ್ನು ನಿರಾಕರಿಸಿದ್ದಲ್ಲದೆ, ಮೊದಲೇ ಕಪಾಟಿನಲ್ಲಿದ್ದ ಪ್ರತಿಯನ್ನೂ ತೆಗೆಯಿಸಿತು. ವಿದ್ಯಾರ್ಥಿಗಳೂ ಪಾಲಕರೂ ನ್ಯಾಯಾಲಯಕ್ಕೆ ಹೋದರು. 1995ರಲ್ಲಿ ತೀರ್ಪು ಬಂದಿತು: ಬೇಡವೆನಿಸಿದ ಪುಸ್ತಕವನ್ನು ಸೇರಿಸಿಕೊಳ್ಳಲೇಬೇಕೆಂಬ ಹೊಣೆ ಶಾಲೆಗಿಲ್ಲ, ವಿಚಾರ ಒಪ್ಪಿಗೆಯಾಗಲಿಲ್ಲವೆಂದು ಇದ್ದ ಪುಸ್ತಕವನ್ನು ಕಿತ್ತುಹಾಕುವುದು ಮಾತ್ರ ಸಂವಿಧಾನಕ್ಕೆ ವಿರುದ್ಧ. ಆಯ್ಕೆ ಬೇರೆ, ಬಹಿಷ್ಕಾರ ಬೇರೆ. ಭಾವೀ ಉಪಾಧ್ಯಾಯರು ಕಲಿಯಬೇಕಾದ ವಿವೇಕ ಇದು.

ಮಕ್ಕಳಿಗೆ ಪುಸ್ತಕವು ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು ರೂಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ಪುಸ್ತಕಗಳಲ್ಲಿ ತಮ್ಮ ಮುಖವನ್ನೇ ಕಾಣದ ಕಪ್ಪು ಜನಾಂಗದ ಮಕ್ಕಳು ಆಗ ಅವರ ಮನಸ್ಸಿನಲ್ಲಿದ್ದರು. ಲೈಜಾಳಂಥ ಹುಡುಗಿಗೂ ಆ ಮಾತು ಸಲ್ಲುತ್ತದೆ. ಅವಳ ಪಕ್ಕದಲ್ಲಿ ಕುಳಿತ ಗೆಳತಿಗೆ ಅದೇ ಪುಸ್ತಕ ಕಿಟಕಿ.

ಪಾಲಕರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಮೇರಿಲ್ಯಾಂಡಿನ ಚಿಕ್ಕ ಮಕ್ಕಳ ಕಥೆಪುಸ್ತಕಗಳ ಮೊಕದ್ದಮೆಯಲ್ಲಿ, ಧಾರ್ಮಿಕ ಕಾರಣದಿಂದ ಮಕ್ಕಳನ್ನು ಅಂಥ ಪಾಠದಿಂದ ಹೊರಗಿಡಲು ಬಯಸಿದ ಪಾಲಕರ ಪರವಾಗಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ತೀರ್ಪಿತ್ತಿದೆ. ಆದುದರಿಂದ ಉಪಾಧ್ಯಾಯರಿಗೆ ಉತ್ಸಾಹವೊಂದೇ ಸಾಲದು. ಪುಸ್ತಕವನ್ನು ಕೊನೆಯವರೆಗೆ ಓದಿರಬೇಕು. ಯಾವ ವಯಸ್ಸಿಗೆ, ಏಕೆ ಆರಿಸಿದೆವೆಂದು ಬಾಗಿಲಿಗೆ ಬಂದ ತಂದೆತಾಯಿಗಳಿಗೆ ಸಮಾಧಾನದಿಂದ ಹೇಳಬಲ್ಲವರಾಗಿರಬೇಕು. ತರಗತಿಯ ಯಾವ ಮಗುವನ್ನೂ ಎಬ್ಬಿಸಿ ನಿಲ್ಲಿಸಿ ಉದಾಹರಣೆಯಾಗಿ ತೋರಿಸಕೂಡದು. ತುಟಿ ಬಿಚ್ಚದೆ ಕೊನೆಯ ಬೆಂಚಿನಲ್ಲಿ ಕುಳಿತಿರುವ ಮಗು ಪಾಠಕ್ಕಿಂತ ಹೆಚ್ಚಾಗಿ ಉಪಾಧ್ಯಾಯರ ದನಿಯನ್ನೇ ಆಲಿಸುತ್ತಿರುತ್ತದೆ. ಅದರಲ್ಲಿ ಅಪಹಾಸ್ಯದ ಎಳೆಯೊಂದು ಕೇಳಿಸಿದರೂ ಆ ಮಗು ಮತ್ತೆ ಆ ಪುಸ್ತಕವನ್ನು ಮುಟ್ಟಲಾರದು.