ಸ್ವೈರವೋ, ಸಂಯಮವೋ?

ಪಾಶ್ಚಾತ್ಯ ಸಂಗೀತದಲ್ಲಿ ‘ಪ್ರೊಗ್ರೆಸಿವ್ ರಾಕ್’ ಎಂಬ ಪಂಥವೊಂದುಂಟು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ತಲೆದೋರಿ ಮುಂದಿನ ದಶಕದಲ್ಲಿ ಬಲಿತ ಈ ಪಂಥದವರು, ಮೂರು ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದ ಹಾಡಿನ ಎಲ್ಲೆಯನ್ನು ದಾಟಿ, ಹಲವು ಖಂಡಗಳುಳ್ಳ ದೀರ್ಘ ಪ್ರಬಂಧಗಳನ್ನು ಕಟ್ಟಿದರು. ಅಂದಿನಿಂದಲೂ ಇವರ ಮೇಲೆ ಒಂದೇ ಆಕ್ಷೇಪ: ಇದೆಲ್ಲ ಬರಿಯ ಕೈಚಳಕದ ಮೆರವಣಿಗೆ, ನುಡಿಸುವವನ ಸ್ವಂತ ಸುಖ, ಕೇಳುವವನಿಗೆ ಇದರಲ್ಲಿ ಪಾಲೇ ಇಲ್ಲ. ಮಾತಿಲ್ಲದ ಶುದ್ಧ ವಾದ್ಯಪ್ರಬಂಧವಾದರಂತೂ ಆಕ್ಷೇಪಕರ ದನಿ ಇನ್ನೂ ಏರುವುದು. ಈ ಮಾತು ಎಷ್ಟು ದೂರ ನಿಲ್ಲತಕ್ಕದ್ದೆಂಬುದನ್ನು ಒಂದು ಕೃತಿಯನ್ನು ಮುಂದಿಟ್ಟುಕೊಂಡು ಪರೀಕ್ಷಿಸೋಣ.

ಆ ಕೃತಿ ಕೆನಡಾ ದೇಶದ ಟೊರಾಂಟೋ ನಗರದ ‘ರಷ್’ ಎಂಬ ಮೇಳದವರು ರಚಿಸಿದ ‘ಲಾ ವಿಲಾ ಸ್ಟ್ರಾಂಜಿಯಾಟೊ’. 1978ರಲ್ಲಿ ಪ್ರಕಟವಾದ ‘ಹೆಮಿಸ್ಫಿಯರ್ಸ್’ ಎಂಬ ಧ್ವನಿಮುದ್ರಿಕೆಯ ಕೊನೆಯಲ್ಲಿ ಇದು ಬರುತ್ತದೆ. ಅವಧಿ ಸುಮಾರು ಒಂಬತ್ತೂವರೆ ನಿಮಿಷ; ಖಂಡಗಳು 12. ಗಿಟಾರು ಅಲೆಕ್ಸ್ ಲೈಫ್‌ಸನ್ನರದು, ಬಾಸ್ ಗಿಟಾರು ಗೆಡ್ಡಿ ಲೀಯವರದು, ಡ್ರಮ್ಮು ನೀಲ್ ಪಿಯರ್ಟರದು. ಲೈಫ್‌ಸನ್ನರು ಕಂಡ ದುಃಸ್ವಪ್ನಗಳೇ ಇದಕ್ಕೆ ಮೂಲವೆಂದು ಪ್ರಸಿದ್ಧಿ. ಅದಕ್ಕೆ ತಕ್ಕಂತೆ ಖಂಡಗಳ ಹೆಸರುಗಳೂ ವಿಚಿತ್ರವಾಗಿವೆ: ಒಂದು ಹ್ಯಾಮ್ಲೆಟನ ಸ್ವಗತವನ್ನು ನೆನಪಿಸುತ್ತದೆ, ಒಂದು ರಾಕ್ಷಸರನ್ನು ಕರೆಯುತ್ತದೆ, ಮತ್ತೊಂದು ಟೊರಾಂಟೋವಿನ ಎರಡು ಬೀದಿಗಳು ಕೂಡುವ ಚೌಕದ ಹೆಸರನ್ನು ಹೊತ್ತಿದೆ.

ಪೂರ್ವಪಕ್ಷದವರು ಮೊದಲು ಹಿಡಿಯುವುದು ಈ ಕೃತಿಯ ಉಪಶೀರ್ಷಿಕೆಯನ್ನು. ‘ಸ್ವೇಚ್ಛಾವಿಲಾಸದಲ್ಲಿ ಒಂದು ಅಭ್ಯಾಸ’ ಎಂದು ಕರ್ತೃಗಳೇ ಅದರಲ್ಲಿ ಹೇಳಿಕೊಂಡಿದ್ದಾರೆ. “ಅಪರಾಧಿಯೇ ಒಪ್ಪಿಕೊಂಡ ಮೇಲೆ ಸಾಕ್ಷಿಯೇಕೆ?” ಎಂಬುದು ಇವರ ವಾದ. ಆದರೆ ವಿನೋದವನ್ನು ತಪ್ಪೊಪ್ಪಿಗೆಯೆಂದು ಭಾವಿಸುವುದು ನ್ಯಾಯಾಧಿಪತಿಗೂ ಸಲ್ಲದು, ವಿಮರ್ಶಕನಿಗೂ ಸಲ್ಲದು. ತಮ್ಮ ಮೇಲೆ ಬರಲಿದ್ದ ಆಕ್ಷೇಪವನ್ನು ತಾವೇ ಮೊದಲು ನಗುತ್ತ ಆಡಿಬಿಟ್ಟವರ ಚಾತುರ್ಯವದು. ವೇಲ್ಸ್ ಪ್ರಾಂತದ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಈ ಮೂವರು ಇಡೀ ಕೃತಿಯನ್ನು ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ನುಡಿಸಿ ಮುದ್ರಿಸಬೇಕೆಂದು ಹಟ ಹಿಡಿದರು. ಹಲವು ದಿನ ಶ್ರಮಪಟ್ಟರು. ಸಾಧ್ಯವಾಗದೆ ಕೊನೆಗೆ ತುಂಡುಗಳನ್ನು ಸೇರಿಸಿ ಪೂರೈಸಿದರು. ಇಷ್ಟ ಬಂದಂತೆ ನುಡಿಸುವವನಿಗೆ ಹೀಗೆ ಸೋಲುವ ಸಂದರ್ಭವೇ ಒದಗುವುದಿಲ್ಲ. ನಿಯತವಾದ ಕ್ರಮವೊಂದನ್ನು ಒಪ್ಪಿಕೊಂಡವನು ಮಾತ್ರ ಅದರಲ್ಲಿ ತಪ್ಪಬಲ್ಲನು.

ಶ್ರಮವೊಂದರಿಂದಲೇ ಕಲೆಯಾಗದೆಂಬುದನ್ನು ನಾವೂ ಬಲ್ಲೆವು. ಆದುದರಿಂದ ಕೃತಿಯ ಕಟ್ಟಡವನ್ನೇ ನೋಡಬೇಕು. ಒಂಟಿ ಗಿಟಾರು ಸ್ಪೇನ್ ದೇಶದ ಶೈಲಿಯಲ್ಲಿ ಪೀಠಿಕೆ ಹಾಕುತ್ತದೆ. ಬಳಿಕ ಮೆಲ್ಲಮೆಲ್ಲನೆ ಇತರ ವಾದ್ಯಗಳು ಕೂಡಿ ಪ್ರಧಾನ ಸ್ವರಗುಚ್ಛವನ್ನು ನೆಲೆಗೊಳಿಸುತ್ತವೆ. ನಾಲ್ಕನೆಯ ಖಂಡದಲ್ಲಿ ಗದ್ದಲವೆಲ್ಲ ಇಳಿದು, ಏಳೆಣಿಕೆಯ ನಡೆಯ ಮೇಲೆ ಗಿಟಾರು ತೀರ ಸಣ್ಣ ದನಿಯಲ್ಲಿ ಆರಂಭಿಸಿ ಹಂತಹಂತವಾಗಿ ಏರುತ್ತದೆ. ಮಿಶ್ರಚಾಪಿಗೆ ಪಳಗಿದ ನಮ್ಮ ಕಿವಿಗೆ ಈ ಏಳರ ಎಣಿಕೆ ಪರಕೀಯವೆನಿಸದು. ಅಲ್ಲಿಂದ ಮುಂದೆ ರಾಕ್ಷಸರ ಪ್ರವೇಶ. ಬಾಸ್ ಮತ್ತು ಡ್ರಮ್ಮುಗಳ ಸರದಿ. ಅನಂತರ ಹತ್ತನೆಯ ಖಂಡದಲ್ಲಿ ರಾಕ್ಷಸರ ಪುನರಾಗಮನ, ಹನ್ನೊಂದನೆಯದರಲ್ಲಿ ಪ್ರಧಾನ ಸ್ವರಗುಚ್ಛದ ಪುನರಾಗಮನ. ಸ್ವಪ್ನಕ್ಕೆ ಹೋದ ದಾರಿಯಲ್ಲಿಯೇ ಎಚ್ಚರಕ್ಕೆ ಮರಳುವ ಕ್ರಮವಿದು. ನಾಲ್ಕನೆಯ ಖಂಡದ ಮೌನಪ್ರಾಯವಾದ ಆರಂಭವನ್ನು ತೆಗೆದುಹಾಕಿ ನೋಡಿ: ಮುಂದೆ ಬರುವ ಆರ್ಭಟಕ್ಕೆ ಅರ್ಥವೇ ಉಳಿಯದು. ಯಾವ ಭಾಗವನ್ನು ತೆಗೆದರೆ ಉಳಿದ ಭಾಗ ಕುಸಿಯುವುದೋ ಅದನ್ನು ಅಲಂಕಾರವೆನ್ನಲಾಗದು, ಅದು ಕಂಬ.

“ಮಾತಿಲ್ಲದಿದ್ದರೆ ಅರ್ಥವೆಲ್ಲಿ?” ಎಂದು ಮತ್ತೆ ಕೆಲವರು ಕೇಳುವರು. ಉತ್ತರವು ಅದೇ ಮುದ್ರಿಕೆಯಲ್ಲಿದೆ. ಅದರ ಮೊದಲನೆಯ ಪಾರ್ಶ್ವವನ್ನೆಲ್ಲ ಆಕ್ರಮಿಸಿರುವ, ಸುಮಾರು 18 ನಿಮಿಷಗಳ ಇನ್ನೊಂದು ದೀರ್ಘ ಕೃತಿಗೆ ಮಾತುಂಟು. ಗ್ರೀಕ್ ದೇವತೆಗಳಾದ ಅಪೊಲೊ ಮತ್ತು ಡಯೊನೈಸಸ್ಸರ ಕಥೆಯುಂಟು. ಬುದ್ಧಿ ಹೃದಯಗಳು ಒಂದಾಗಬೇಕೆಂಬ ನೀತಿಯೂ ಉಂಟು. ಅಲ್ಲಿ ನಮಗೆ ಉಪದೇಶ ದೊರೆಯುತ್ತದೆ. ವಾದ್ಯಪ್ರಬಂಧದಲ್ಲಿಯಾದರೋ ಬುದ್ಧಿಯ ಎಣಿಕೆಯೂ ಹೃದಯದ ಭೀತಿಯೂ ಒಂದೇ ನಾದದಲ್ಲಿ ಕೂಡಿರುವುದನ್ನು ನಾವೇ ಅನುಭವಿಸುತ್ತೇವೆ. ಎರಡರಲ್ಲಿ ಯಾವುದು ಕೇಳುವವನನ್ನು ಹೆಚ್ಚು ಗೌರವಿಸಿತು?

ಇನ್ನೊಂದು ಆಕ್ಷೇಪವುಂಟು, ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ರಾಕ್ಷಸರ ಖಂಡಗಳಲ್ಲಿ ಕೇಳಿಬರುವ ಸ್ವರಗುಚ್ಛ ಅಮೆರಿಕದ ರೇಮಂಡ್ ಸ್ಕಾಟರು 1937ರಲ್ಲಿ ರಚಿಸಿದ ‘ಪವರ್‌ಹೌಸ್’ ಎಂಬ ಕೃತಿಯದು. ವಾರ್ನರ್ ಬ್ರದರ್ಸ್ ಸಂಸ್ಥೆಯ ವ್ಯಂಗ್ಯಚಲಚ್ಚಿತ್ರಗಳ ಮೂಲಕ ಅದು ಮಕ್ಕಳಿಗೂ ಪರಿಚಿತವಾಗಿತ್ತು. ಬಾಲ್ಯದಲ್ಲಿ ಕೇಳಿದ ಸ್ವರ ದುಃಸ್ವಪ್ನದಲ್ಲಿ ಮರಳುವುದು ಸಹಜವೇ. ಕಲೆಯ ದೃಷ್ಟಿಯಿಂದ ಉಚಿತವೂ ಹೌದು. ಆದರೆ ಮುದ್ರಿಕೆಯ ಮೇಲೆ ಸ್ಕಾಟರ ಹೆಸರಿರಲಿಲ್ಲ. ಇದು ದೋಷ. ಮುಂದೆ ಮೇಳದವರು ಸ್ಕಾಟರಿಗೆ ಹಣ ಸಲ್ಲಿಸಿದರೆಂದು ಪ್ರಸಿದ್ಧವಾಗಿದೆ. ಅದರಿಂದ ಋಣ ತೀರಿರಬಹುದು, ಹೆಸರು ಹೇಳದ ಲೋಪ ಮಾತ್ರ ಉಳಿಯಿತು. ಈ ಕೃತಿಯ ಪರವಾಗಿ ವಾದಿಸುವವರು ಇದನ್ನು ಮರೆಮಾಚಕೂಡದು. ಆದರೆ ಆಕ್ಷೇಪಕರೂ ಒಂದನ್ನು ಗಮನಿಸಬೇಕು: ಇದು ಕೃತಜ್ಞತೆಯ ಪ್ರಶ್ನೆ, ದೀರ್ಘತೆಯ ಪ್ರಶ್ನೆಯಲ್ಲ.

“ಕರ್ತೃಗಳೇ ಆ ಮಾರ್ಗವನ್ನು ಬಿಟ್ಟರಲ್ಲ?” ಎಂಬುದು ಕೊನೆಯ ಬಾಣ. 1980ರ ಮುದ್ರಿಕೆಯಿಂದ ರಷ್ ಮೇಳದವರು ಅಡಕವಾದ ರಚನೆಗಳತ್ತ ತಿರುಗಿದುದು ನಿಜ. ಆದರೂ ಈ ಪ್ರಬಂಧವನ್ನು ಅವರು ಕೈಬಿಡಲಿಲ್ಲ. 1981ರ ಸಭಾಮುದ್ರಿಕೆಯಾದ ‘ಎಕ್ಸಿಟ್ ಸ್ಟೇಜ್ ಲೆಫ್ಟ್’ನಲ್ಲಿ ಇದೂ ಸೇರಿದೆ. ಅದೇ ವರ್ಷ ಹೊರಬಂದ ‘ವೈ ವೈ ಝಡ್’ ಎಂಬ ಅವರ ಮತ್ತೊಂದು ವಾದ್ಯರಚನೆ ಟೊರಾಂಟೋ ವಿಮಾನನಿಲ್ದಾಣದ ಸಂಕೇತಾಕ್ಷರಗಳ ಮೋರ್ಸ್ ಲಯದ ಮೇಲೆ ನಿಂತಿದೆ. ಸುಮಾರು ನಾಲ್ಕೂವರೆ ನಿಮಿಷಗಳಲ್ಲಿ ಮುಗಿಯುತ್ತದೆ. ದೊಡ್ಡ ಮನೆ ಕಟ್ಟಿ ಕೈ ಪಳಗಿದವರೇ ಆ ಚಿಕ್ಕ ಮನೆಯನ್ನೂ ಅಷ್ಟು ಬಿಗಿಯಾಗಿ ಕಟ್ಟಿದರು.

ದೀರ್ಘವಾದುದೆಲ್ಲ ದೊಡ್ಡದೆಂದು ನಾವು ಸಾಧಿಸಹೊರಟಿಲ್ಲ. ಈ ಪಂಥದಲ್ಲಿ ಹೊಟ್ಟೂ ಬೇಕಾದಷ್ಟಿದೆ. ಆದರೆ ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಲು ಮೊರ ಹಿಡಿಯಬೇಕು; ರಾಶಿಯ ಗಾತ್ರವನ್ನು ಕಂಡೇ ತಿರಸ್ಕರಿಸುವುದು ವಿಮರ್ಶೆಯೆನಿಸದು. ಒಂಬತ್ತೂವರೆ ನಿಮಿಷ ಕಿವಿಗೊಡಲಾರದವನು ನುಡಿಸಿದವರನ್ನು ಸ್ವೇಚ್ಛಾಚಾರಿಗಳೆಂದು ಕರೆಯುವುದು ಸೋಜಿಗವೇ ಸರಿ. ಪೂರ್ತಿ ಕೇಳಿದ ಬಳಿಕವೂ ರುಚಿಸದೆಂದು ಹೇಳುವವರ ಅಭಿಪ್ರಾಯಕ್ಕೆ ಬೆಲೆಯುಂಟು. ಅಂಥವರೊಡನೆ ಮಾತು ಮುಂದುವರಿಸಲು ನಮಗೆ ಸಂತೋಷವೇ.