ಹಲ್ಲು ಕೀಳೋದು ಸಲೀಸು, ಉಳಿಸೋದು ದುಬಾರಿ!

ದಾವಣಗೆರೆ: ಹಲ್ಲುನೋವಿನ ಕಷ್ಟ ಬಂದವರಿಗೇ ಗೊತ್ತು. ಮಂಡಿಪೇಟೆಯಲ್ಲಿ ಮೂಟೆ ಹೊರುವವನಿಗೆ ನೋವು ಶುರುವಾದರೆ ಮೊದಲ ದಿನ ಲವಂಗ, ಎರಡನೇ ದಿನ ಮೆಡಿಕಲ್ ಶಾಪಿನ ಮಾತ್ರೆ. ಅದಕ್ಕೂ ಜಗ್ಗದಿದ್ದಾಗ ಸರ್ಕಾರಿ ಆಸ್ಪತ್ರೆ. ಅಷ್ಟೊತ್ತಿಗೆ ಹುಳುಕು ಬೇರಿಗೆ ಇಳಿದಿರುತ್ತದೆ. 'ಕಿತ್ತುಬಿಡಿ ಸಾರ್' ಎಂದು ರೋಗಿಯೇ ಕೈಮುಗಿಯುತ್ತಾನೆ. ನೋವೂ ಹೋಯಿತು, ಹಲ್ಲೂ ಹೋಯಿತು!

ಇದಕ್ಕೆ ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ಹಲ್ಲು ಕೀಳಲು ಒಂದು ಇಂಜೆಕ್ಷನ್, ಒಂದು ಇಕ್ಕಳ ಸಾಕು. ಹುಳುಕು ತುಂಬಲು ಕುರ್ಚಿ ಕೆಟ್ಟಿರಬಾರದು, ಕೊರೆಯುವ ಯಂತ್ರ ನಡೆಯಬೇಕು, ಸಿಮೆಂಟು ಸ್ಟಾಕಿರಬೇಕು. ಬೇರಿನ ಚಿಕಿತ್ಸೆಗಂತೂ ಎಕ್ಸರೇ ಬೇಕು, ಎರಡು ಮೂರು ಸಲ ಬರಬೇಕು, ಮೇಲೊಂದು ಕ್ಯಾಪು. ಇದರಲ್ಲಿ ಒಂದು ತಪ್ಪಿದರೂ ಉಳಿಯುವುದು ಇಕ್ಕಳವೇ. ಖಾಸಗಿ ಕ್ಲಿನಿಕ್ಕಿಗೆ ಹೋದರೆ ಕೂಲಿಯವನ ವಾರದ ಸಂಪಾದನೆ ಸಾಲದು.

'ಕಾರ್ಡ್ ಇದೆಯಲ್ಲಾ?' ಎಂದು ಕೇಳುವವರುಂಟು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ, ನಿಜ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವವರಿಗೆ ಮಾಡಿದ ಯೋಜನೆ. ದವಡೆ ಮುರಿದರೆ, ಬಾಯಿ ಕ್ಯಾನ್ಸರ್ ಬಂದರೆ ಕಾರ್ಡು ಕೆಲಸಕ್ಕೆ ಬರುತ್ತದೆ. ಹುಳುಕು ಹಲ್ಲು ಹಿಡಿದು ಮೂಲೆಯ ಕ್ಲಿನಿಕ್ಕಿಗೆ ಹೋದರೆ ಅದೇ ಕಾರ್ಡನ್ನು ಜೇಬಿಗೆ ಹಾಕಿಕೊಂಡು ವಾಪಸ್ ಬರಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. 2014-15ರಲ್ಲಿ ಕೇಂದ್ರ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಅದೇ ಹೊತ್ತಿಗೆ ರಾಜ್ಯದಲ್ಲಿ 'ದಂತಭಾಗ್ಯ' ಬಂತು. ಹಲ್ಲೆಲ್ಲ ಉದುರಿದ ಬಿಪಿಎಲ್ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಬಿಟ್ಟಿಯಾಗಿ ಕಟ್ಟು ಹಲ್ಲು. ಒಳ್ಳೆಯ ಕೆಲಸವೇ. ಆದರೆ ಕಟ್ಟು ಹಲ್ಲು ಅಂಗಡಿಯಿಂದ ತರುವ ಚಪ್ಪಲಿಯಲ್ಲ. ಅಳತೆಗೆ ಒಂದು ದಿನ, ಕಚ್ಚಿಸಿ ನೋಡಲು ಒಂದು ದಿನ, ಹಾಕಿ ನೋಡಲು, ಕೂರಿಸಲು, ಒತ್ತಿದ ಕಡೆ ಉಜ್ಜಿಸಲು ಮತ್ತೆ ಮತ್ತೆ ಓಡಾಟ. ಜಗಳೂರು ಕಡೆಯ ಅಜ್ಜಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಉಚಿತ, ಸರಿ. ಖಾಸಗಿ ಬಸ್ಸೇ ಗತಿಯಾದ ಊರಿನವರು, ಜೊತೆಗೆ ಬರುವ ಮಗ? ಅವನಿಗೆ ಟಿಕೆಟ್ಟೂ ಆಯಿತು, ಆ ದಿನದ ಕೂಲಿಯೂ ಹೋಯಿತು.

ಲೆಕ್ಕ ತಲೆಕೆಳಗಾಗಿರುವುದೇ ಇಲ್ಲಿ. ಹುಳುಕು ಸಣ್ಣದಿದ್ದಾಗ ತುಂಬಿಸುವ ಖರ್ಚು ಕಡಿಮೆ. ಆಗ ಬಡವನಿಗೆ ನೋವಿಲ್ಲ, ಹೋಗುವ ಜಾಗವೂ ಗೊತ್ತಿಲ್ಲ. ಹಲ್ಲೆಲ್ಲ ಹೋದ ಮೇಲೆ ಯೋಜನೆ ಹುಡುಕಿಕೊಂಡು ಬರುತ್ತದೆ!

ದಾವಣಗೆರೆಗೆ ಈ ವಿಷಯದಲ್ಲಿ ಬಹಳಷ್ಟು ಊರುಗಳಿಗಿಲ್ಲದ ಅನುಕೂಲವಿದೆ. ಊರಲ್ಲೇ ಎರಡು ದಂತ ಕಾಲೇಜುಗಳಿವೆ. ಕಲಿಯುವ ಹುಡುಗರಿಗೆ ರೋಗಿ ಬೇಕು, ರೋಗಿಗೆ ಕಡಿಮೆ ಖರ್ಚಿನ ಚಿಕಿತ್ಸೆ ಬೇಕು. ಇಬ್ಬರನ್ನೂ ಸೇರಿಸುವ ಕೆಲಸ ಆಗಬೇಕಷ್ಟೆ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಗೆ ವಾರಕ್ಕೊಮ್ಮೆ ಗೊತ್ತಾದ ದಿನ ಕಾಲೇಜಿನ ತಂಡ ಹೋಗಲಿ. ಹಲ್ಲು ನೋಡಿ ಚೀಟಿ ಬರೆದುಕೊಟ್ಟು ಬಂದರೆ ಸಾಲದು, ಅಲ್ಲೇ ಹುಳುಕು ತುಂಬಿ ಬರಲಿ. ಅಳತೆ, ಉಜ್ಜುವ ಕೆಲಸವೂ ಅಲ್ಲೇ ಆದರೆ ಓಡಾಟ ಅರ್ಧಕ್ಕಿಳಿಯುತ್ತದೆ. ತಾಲ್ಲೂಕು ಆಸ್ಪತ್ರೆ ಬಾಗಿಲಲ್ಲಿ ಒಂದು ಬೋರ್ಡ್ ಬೀಳಲಿ: ಯಾವ ದಿನ ಯಾವ ಚಿಕಿತ್ಸೆ, ಎಷ್ಟು ದುಡ್ಡು, ಸಾಮಾನು ಇದೆಯೋ ಇಲ್ಲವೋ. ಬಸ್ ಸ್ಟ್ಯಾಂಡಿನಲ್ಲೂ ಅದೇ ಬೋರ್ಡ್ ಇರಲಿ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಹಳೆಯದು. ಅನ್ನಭಾಗ್ಯದ ಅಕ್ಕಿ ಮನೆಗೆ ಬರುವ ಈ ಕಾಲದಲ್ಲಿ ಅಗಿಯುವ ಹಲ್ಲನ್ನೂ ಉಳಿಸಿಕೊಡುವುದು ಸರ್ಕಾರದ ಕೆಲಸವೇ. ಜಿಲ್ಲಾ ಆರೋಗ್ಯಾಧಿಕಾರಿಗಳು, ಶಾಸಕರು ಇತ್ತ ಕಡೆ ಗಮನ ಹರಿಸಲಿ.