ನಮ್ಮೂರಿನಲ್ಲಿ ಕಟ್ಟಿದ ಭೂತಬಂಗಲೆ

ಸುದ್ದಗುಂಟೆಪಾಳ್ಯದ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಪಿಜಿಗಳೇ ಹೆಚ್ಚು. ಪಕ್ಕದ ಪಿಜಿಯ ಹುಡುಗಿಯೊಬ್ಬಳು ಇಂಗ್ಲಿಷ್ ಎಂ.ಎ. ಓದುತ್ತಾಳೆ. ಮೊನ್ನೆ ಕೇಳಿದಳು: ‘ಆಂಟಿ, ಈ ಗೋಥಿಕ್ ಕಾದಂಬರಿಗೂ ನಮಗೂ ಏನು ಸಂಬಂಧ? ಅಲ್ಲಿನ ಪಾಳು ಕೋಟೆ, ಅಲ್ಲಿನ ದೆವ್ವ. ಪರೀಕ್ಷೆಗೆ ಓದಬೇಕಷ್ಟೆ.’

ಅವಳ ತಪ್ಪಲ್ಲ. ರೊಮ್ಯಾಂಟಿಕ್ ಸಾಹಿತ್ಯವನ್ನು ನಮಗೆ ಕಲಿಸಿದ್ದೇ ಅರ್ಧ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂತು. ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್ ಕನ್ನಡದವರಾದರು. ಆ ಋಣ ದೊಡ್ಡದು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನಾನೂ ಮೊದಲು ಮನಸೋತದ್ದು ನವೋದಯದ ಪದ್ಯಗಳಿಗೇ. ಆದರೆ ಆ ಹೂದೋಟದ ಹಿತ್ತಲಲ್ಲಿ ಒಂದು ಕತ್ತಲೆ ಮನೆಯಿತ್ತು. ನಮ್ಮ ವಿಮರ್ಶಕರು ಅದರ ಬಾಗಿಲು ತೆರೆದು ತೋರಿಸುವ ಗೋಜಿಗೆ ಹೋಗಲಿಲ್ಲ.

1764ರಲ್ಲಿ ಹೊರೇಸ್ ವಾಲ್‌ಪೋಲ್ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಬರೆದ. ಮದುವೆಯ ದಿನವೇ ಮೇಲಿನಿಂದ ಬಿದ್ದ ದೈತ್ಯ ಶಿರಸ್ತ್ರಾಣದಡಿ ವರ ಅಪ್ಪಚ್ಚಿಯಾಗುತ್ತಾನೆ. ಕಾಮುಕ ದೊರೆ, ತಪ್ಪಿಸಿಕೊಂಡು ಓಡುವ ಹೆಣ್ಣು, ನೆಲಮಾಳಿಗೆ. ಸಾಮಗ್ರಿ ಸಿದ್ಧವಾಯಿತು. ಇದನ್ನೆಲ್ಲ ತಮ್ಮ ಮನೆಯಂಗಳದಲ್ಲಿ ಇಡಲು ಆ ಲೇಖಕರಿಗೆ ಮನಸ್ಸಿರಲಿಲ್ಲ. ಮೊದಲು ಇಟಲಿ, ಸ್ಪೇನ್‌ಗಳ ಕ್ಯಾಥೊಲಿಕ್ ಮಠಗಳ ಮೇಲೆ ಹೇರಿದರು. ಬಳಿಕ ಪೂರ್ವಕ್ಕೆ ಹೊರಟರು. 1786ರ ‘ವಾಥೆಕ್’ನಲ್ಲಿ ವಿಲಿಯಂ ಬೆಕ್‌ಫರ್ಡ್ ಅಬ್ಬಾಸಿ ಖಲೀಫನೊಬ್ಬನನ್ನು ನರಕಕ್ಕೇ ಇಳಿಸಿದ. ಟಿಪ್ಪುವಿನ ಹುಲಿಯಂತ್ರವನ್ನು 1808ರಿಂದ ಲಂಡನ್ನಿನಲ್ಲಿ ಜನರಿಗೆ ತೋರಿಸತೊಡಗಿದರು. ಹಕ್ಕಿಯ ಹಾಡಿನ ಕವಿ ಕೀಟ್ಸ್ ಕೂಡ ತನ್ನದೊಂದು ವಿಡಂಬನ ಕವಿತೆಯಲ್ಲಿ ಅದನ್ನು ಎಳೆತಂದಿದ್ದಾನೆ.

1827ರಲ್ಲಿ ಸರದಿ ಬೆಂಗಳೂರಿನದಾಯಿತು. ಭಾರತಕ್ಕೆ ಕಾಲಿಡದ ವಾಲ್ಟರ್ ಸ್ಕಾಟ್ ಬರೆದ ‘ದಿ ಸರ್ಜನ್ಸ್ ಡಾಟರ್’ನಲ್ಲಿ ಮಿಡ್ಲ್‌ಮಸ್ ಎಂಬ ಯುವಕ ಕಂಪನಿಯ ಸೇನೆಯಿಂದ ಓಡಿಬಂದವನು. ತನ್ನನ್ನು ನಂಬಿ ಕಡಲು ದಾಟಿದ ಹುಡುಗಿಯನ್ನು ಟಿಪ್ಪುವಿಗೆ ಒಪ್ಪಿಸಲು ಬೆಂಗಳೂರಿಗೆ ಕರೆತರುತ್ತಾನೆ. ದರ್ಬಾರಿನಲ್ಲಿ ಹೈದರಾಲಿ ಫಕೀರನ ವೇಷ ಕಳಚಿ ಎದ್ದು ನಿಲ್ಲುತ್ತಾನೆ. ಹುಡುಗಿಯನ್ನು ಬಿಡಿಸಿ, ದ್ರೋಹಿಯನ್ನು ಆನೆಯ ಕಾಲಡಿ ತುಳಿಸುತ್ತಾನೆ. ಒಟ್ರಾಂಟೊದ ಶಿರಸ್ತ್ರಾಣ ಇಲ್ಲಿ ಆನೆಯ ಕಾಲಾಗಿದೆ! ಹೆಣ್ಣನ್ನು ಮಾರಹೊರಟವನು ಬಿಳಿಯ, ಬಿಡಿಸಿದವನು ಹೈದರ್. ಸ್ಕಾಟ್‌ನಿಗೆ ಅಷ್ಟು ನ್ಯಾಯಬುದ್ಧಿ ಇತ್ತು. ಆದರೆ ಇಂಥ ಕಥೆಗಳಿಂದ ನಮ್ಮವರೆಗೆ ಉರುಳಿ ಬಂದದ್ದು ಯಾವುದು? ಜನಾನಾ, ಆನೆ, ಕಾಮುಕ ಸುಲ್ತಾನ.

‘ಕಥೆಯನ್ನು ಕಥೆಯಾಗಿ ಓದಿ ಮಾರಾಯ್ರೆ’ ಎನ್ನುವ ಗೆಳೆಯರಿದ್ದಾರೆ. ನಾನೂ ಕಥೆ ಬರೆಯುವವಳೇ, ಒಪ್ಪುತ್ತೇನೆ. ಆದರೆ ಕಥೆ ಕಥೆಯಾಗಿ ಉಳಿದಿದೆಯೇ? ಶಾಲಾ ಪ್ರವಾಸದಲ್ಲಿ ಶ್ರೀರಂಗಪಟ್ಟಣಕ್ಕೆ ಹೋದ ಮಕ್ಕಳು ಮೊದಲು ಇಳಿಯುವುದು ಕರ್ನಲ್ ಬೇಲಿಯ ಹೆಸರಿನ ಬಂದೀಖಾನೆಗೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಸೆರೆಯಾಳುಗಳ ನೋವು ನಿಜ. ಕೊಡವರ, ಮಂಗಳೂರಿನ ಕ್ರೈಸ್ತರ ಸೆರೆಯೂ ನಿಜ. ಟಿಪ್ಪುವನ್ನು ಔಲಿಯಾ ಮಾಡಲು ನಾನು ಹೊರಟಿಲ್ಲ. ದಾಖಲೆಗಳನ್ನು ಮುಂದಿಟ್ಟು ವಾದಿಸೋಣ. ಆದರೆ 1799ರ ಮೇ 4ರ ರಾತ್ರಿ ಅದೇ ಪಟ್ಟಣ ಲೂಟಿಯಾಯಿತು, ತನ್ನದೇ ಸೈನಿಕರನ್ನು ಹತೋಟಿಗೆ ತರಲು ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಬೇಕಾಯಿತು ಎಂಬುದನ್ನು ಯಾವ ಗೈಡ್ ಬಾಯಲ್ಲೂ ನಾನು ಕೇಳಿಲ್ಲ. ವಿಲ್ಕಿ ಕಾಲಿನ್ಸ್ 1868ರ ‘ದಿ ಮೂನ್‌ಸ್ಟೋನ್’ ಕಾದಂಬರಿಯನ್ನು ಆರಂಭಿಸಿದ್ದೇ ಆ ಲೂಟಿಯಿಂದ. ಇಂಗ್ಲಿಷಿನವನಿಗೆ ನೆನಪಿದ್ದದ್ದು ನಮಗೆ ಮರೆತುಹೋಯಿತು!

ನಮ್ಮವರದೂ ಒಂದು ಪ್ರತಾಪವಿದೆ. ಸ್ಕಾಟ್‌ನ ‘ದಿ ಟ್ಯಾಲಿಸ್ಮನ್’ ಓದಿ ಕೆರಳಿದ ಅಬ್ದುಲ್ ಹಲೀಮ್ ಶರರ್ 1888ರಲ್ಲಿ ಉರ್ದುವಿನಲ್ಲಿ ‘ಮಲಿಕುಲ್ ಅಜೀಜ್ ವರ್ಜಿನಾ’ ಬರೆದರು. ಮುಸ್ಲಿಂ ವೀರ, ಕ್ರೈಸ್ತ ಸುಂದರಿ. ನಮ್ಮ ಅಬ್ಬಾ ಅದನ್ನು ಓದಿ ಎದೆಯುಬ್ಬಿಸುತ್ತಿದ್ದರು. ಖಳನ ಟೋಪಿ ಬದಲಾಯಿತು, ಬಂಗಲೆ ಅದೇ. ಅದು ಉತ್ತರವಲ್ಲ, ಅದೇ ರೋಗ.

ಬಿ.ಎಂ.ಶ್ರೀ ಪಕ್ಕದಲ್ಲಿ ಈ ಸ್ಕಾಟ್‌ನನ್ನೂ ಇಟ್ಟು ನಮ್ಮ ಕಾಲೇಜುಗಳು ಪಾಠ ಮಾಡಲಿ. ಯಾರಾದರೂ ಆ ಕಾದಂಬರಿಯನ್ನು ಟಿಪ್ಪಣಿ ಸಮೇತ ಕನ್ನಡಕ್ಕೆ ತರಲಿ. ನನ್ನ ಹಳೆಯ ಪ್ರತಿಯನ್ನು ಆ ಹುಡುಗಿಗೆ ಕೊಟ್ಟಿದ್ದೆ. ನಾಲ್ಕು ದಿನ ಬಿಟ್ಟು ಗೇಟಿನ ಬಳಿ ನಿಲ್ಲಿಸಿ ಕೇಳಿದಳು: ‘ಆಂಟಿ, ಹುಡುಗಿಯನ್ನ ಮಾರೋಕೆ ಹೊರಟಿದ್ದು ಅವರವನೇನಾ?’